ಕಲ್ಲುಗಳನ್ನು ಓದಿದ ಕಲಾಚಾರ್ಯ ಆನಂದ ಕುಮಾರಸ್ವಾಮಿ

ನಟರಾಜನ ಕಂಚಿನ ಮೂರ್ತಿಯ ಎದುರು ನಿಂತು ಅದರ ಅರ್ಥವನ್ನು ಅರಸುವ ಪ್ರತಿಯೊಬ್ಬರೂ, ಅರಿತೋ ಅರಿಯದೆಯೋ, ಆನಂದ ಕೆಂಟಿಷ್ ಕುಮಾರಸ್ವಾಮಿಯವರಿಗೆ ಋಣಿಗಳು. ಶಿವನ ತಾಂಡವವನ್ನು ಕುರಿತ ಅವರ ಪ್ರಬಂಧ ಭಾರತೀಯ ಶಿಲ್ಪವನ್ನು ಜಗತ್ತು ನೋಡುವ ದೃಷ್ಟಿಯನ್ನೇ ಬದಲಿಸಿತು. ರಜಪೂತ ಚಿತ್ರಕಲೆಗೆ ಪ್ರತ್ಯೇಕ ಸ್ಥಾನವನ್ನು ದೊರಕಿಸಿಕೊಟ್ಟವರೂ ಅವರೇ. ಆದರೆ ಈ ಮಹನೀಯರು ಕಾಲೇಜಿನಲ್ಲಿ ಕಲಿತದ್ದು ಕಲೆಯನ್ನಲ್ಲ, ಸಂಸ್ಕೃತವನ್ನೂ ಅಲ್ಲ. ಭೂವಿಜ್ಞಾನ ಮತ್ತು ಸಸ್ಯವಿಜ್ಞಾನವನ್ನು. ಅವರ ಮೊದಲ ವೃತ್ತಿ ಖನಿಜಗಳ ಸಮೀಕ್ಷೆ. ಎರಡು ಹೊಸ ಖನಿಜಗಳ ಇತಿಹಾಸದಲ್ಲಿ ಅವರ ಹೆಸರು ಇಂದಿಗೂ ಉಳಿದಿದೆ.

ಕಲ್ಲಿನ ಅಧ್ಯಯನದಿಂದ ಕಲೆಯ ಅಧ್ಯಯನಕ್ಕೆ ಅವರು ನಡೆದುಬಂದ ದಾರಿ ಆಕಸ್ಮಿಕವಾದುದಲ್ಲ. ಸುತ್ತಿಗೆ ಹಿಡಿದು ಸಿಲೋನಿನ ಕಾಡುಮೇಡುಗಳನ್ನು ಸುತ್ತದಿದ್ದರೆ ಕುಮಾರಸ್ವಾಮಿ ಕಲಾವಿಮರ್ಶಕರಾಗುತ್ತಿದ್ದರೇ ಎಂಬುದು ಸಂದೇಹವೇ.

ಎರಡು ಸಂಸ್ಕೃತಿಗಳ ಕೂಸು

ಆನಂದ ಕುಮಾರಸ್ವಾಮಿಯವರು ಜನಿಸಿದ್ದು 1877ರ ಆಗಸ್ಟ್ 22ರಂದು, ಕೊಲಂಬೊದಲ್ಲಿ. ತಂದೆ ಸರ್ ಮುತ್ತು ಕುಮಾರಸ್ವಾಮಿ ಸಿಲೋನಿನ ಗಣ್ಯ ತಮಿಳು ಮನೆತನಕ್ಕೆ ಸೇರಿದವರು. ನ್ಯಾಯವಾದಿ, ಶಾಸನಸಭೆಯ ಸದಸ್ಯ, ಜೊತೆಗೆ ಪಾಲಿ ಭಾಷೆಯ ಬೌದ್ಧ ಗ್ರಂಥಗಳನ್ನು ಇಂಗ್ಲಿಷಿಗೆ ತಂದ ವಿದ್ವಾಂಸರು. ತಾಯಿ ಎಲಿಜಬೆತ್ ಕ್ಲೇ ಬೀಬಿ ಇಂಗ್ಲೆಂಡಿನ ಕೆಂಟ್ ಪ್ರಾಂತದವರು. ಮಗನ ಹೆಸರಿನ ನಡುವೆ ಸೇರಿಕೊಂಡ ಕೆಂಟಿಷ್ ಎಂಬ ಪದ ಆ ಪ್ರಾಂತದ ನೆನಪು.

ಮಗುವಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ತಾಯಿ ಮಗುವಿನೊಡನೆ ಇಂಗ್ಲೆಂಡಿಗೆ ಹೋಗಿದ್ದರು. ಅವರನ್ನು ಸೇರಿಕೊಳ್ಳಲು ಸಿದ್ಧರಾಗಿದ್ದ ಮುತ್ತು ಕುಮಾರಸ್ವಾಮಿಯವರು 1879ರ ಮೇ ತಿಂಗಳಲ್ಲಿ, ಹಡಗು ಹತ್ತಬೇಕಾಗಿದ್ದ ದಿನವೇ ತೀರಿಕೊಂಡರು. ಹೀಗಾಗಿ ಆನಂದರು ತಂದೆಯ ನಾಡನ್ನು ಕಾಣದೆ, ತಾಯಿಯ ನಾಡಿನಲ್ಲಿ ಬೆಳೆದರು. 12ನೆಯ ವಯಸ್ಸಿನಲ್ಲಿ ಗ್ಲೌಸ್ಟರ್‌ಷೈರಿನ ಸ್ಟೋನ್‌ಹೌಸ್ ಎಂಬಲ್ಲಿನ ವೈಕ್ಲಿಫ್ ಕಾಲೇಜ್ ಶಾಲೆಗೆ ಸೇರಿದರು. ಅವರಿಗೆ ಕಲ್ಲುಗಳ ಹುಚ್ಚು ಹಿಡಿದದ್ದು ಅಲ್ಲಿಯೇ. ಶಾಲೆಯ ಸಮೀಪದ ಗುಡ್ಡವೊಂದರ ಭೂರಚನೆಯನ್ನು ಕುರಿತು ಶಾಲಾ ಪತ್ರಿಕೆಯಲ್ಲಿ ಬರೆದ ಲೇಖನವೇ ಅವರ ಬರವಣಿಗೆಯ ಶ್ರೀಕಾರ.

ಮುಂದೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜನ್ನು ಸೇರಿ, 1900ರಲ್ಲಿ ಭೂವಿಜ್ಞಾನ ಹಾಗೂ ಸಸ್ಯವಿಜ್ಞಾನಗಳಲ್ಲಿ ಆನರ್ಸ್ ಪದವಿ ಪಡೆದರು. ಅದೇ ವರ್ಷ ಸಿಲೋನಿನ ಶಿಲೆಗಳು ಹಾಗೂ ಗ್ರಾಫೈಟನ್ನು ಕುರಿತ ಅವರ ಸಂಶೋಧನಾ ಲೇಖನ ಲಂಡನ್ನಿನ ಜಿಯಲಾಜಿಕಲ್ ಸೊಸೈಟಿಯ ತ್ರೈಮಾಸಿಕದಲ್ಲಿ ಪ್ರಕಟವಾಯಿತು. 23ರ ಹರೆಯದ ತರುಣನಿಗೆ ಇದು ಸಣ್ಣ ಮನ್ನಣೆಯಲ್ಲ.

ಸಿಲೋನಿನ ಕಲ್ಲು, ಕನ್ನಡ ನಾಡಿನ ಕಲ್ಲು

ಸಿಲೋನ್ ದ್ವೀಪದ ಬಹುಭಾಗ ಅತಿ ಪುರಾತನವಾದ ರೂಪಾಂತರ ಶಿಲೆಗಳಿಂದ ಕೂಡಿದೆ. ಭೂಮಿಯ ಆಳದಲ್ಲಿ ಅಪಾರ ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ಬೆಂದು, ಕೋಟ್ಯಂತರ ವರ್ಷಗಳ ಸವೆತದಿಂದ ಮೇಲೆ ತೆರೆದುಕೊಂಡ ಕಲ್ಲುಗಳಿವು. ದಕ್ಷಿಣ ಭಾರತದ ಚಾರ್ನೊಕೈಟ್ ಶಿಲೆಗಳಿಗೂ ಇವುಗಳಿಗೂ ಹತ್ತಿರದ ನಂಟಿದೆ. ಆ ಕಾಲದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಥಾಮಸ್ ಹಾಲೆಂಡ್ ಅವರು ಚಾರ್ನೊಕೈಟನ್ನು ವಿವರಿಸಿ ಹೆಸರಿಟ್ಟಿದ್ದರು. ಕಲ್ಕತ್ತೆಯ ಜಾಬ್ ಚಾರ್ನಾಕ್‌ನ ಗೋರಿಯ ಕಲ್ಲು ಈ ಜಾತಿಯದೆಂಬುದೇ ಆ ಹೆಸರಿಗೆ ಕಾರಣ. ನಮ್ಮ ಬಿಳಿಗಿರಿರಂಗನ ಬೆಟ್ಟದ ಶ್ರೇಣಿಯಲ್ಲೂ ಇದೇ ಬಗೆಯ ಶಿಲೆಯಿದೆ.

ಕುಮಾರಸ್ವಾಮಿಯವರು ಈ ಶಿಲೆಗಳನ್ನು ತೆಳುವಾಗಿ ಅರೆದು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದರು. 1902ರಲ್ಲಿ ಗಾಲೆ ಪಟ್ಟಣದ ಸಮೀಪದ ಅಪರೂಪದ ಶಿಲಾಸಮೂಹವೊಂದನ್ನು ವಿವರಿಸಿದರು. ಮುಂದಿನ ವರ್ಷ ಅವರಿಗೆ ಮಹತ್ವದ ಜವಾಬ್ದಾರಿ ಒದಗಿತು. ಸಿಲೋನ್ ಸರಕಾರ ಹೊಸದಾಗಿ ಆರಂಭಿಸಿದ ಖನಿಜ ಸಮೀಕ್ಷೆಗೆ ಅವರು ನಿರ್ದೇಶಕರಾದರು. 1903ರಿಂದ 1906ರವರೆಗೆ ಆ ಹುದ್ದೆಯಲ್ಲಿದ್ದರು. ಲಂಡನ್ ವಿಶ್ವವಿದ್ಯಾಲಯ ಈ ಸಂಶೋಧನೆಗಳಿಗಾಗಿ ಅವರಿಗೆ ವಿಜ್ಞಾನದ ಡಾಕ್ಟರೇಟ್ ನೀಡಿತು.

ಎರಡು ಹೊಸ ಖನಿಜಗಳು

ಸಿಲೋನ್ ರತ್ನಗಳ ಬೀಡು. ನದಿ ಕಣಿವೆಗಳ ಜಲ್ಲಿಯನ್ನು ತೋಡಿ, ಬುಟ್ಟಿಗಳಲ್ಲಿ ತೊಳೆದು ನೀಲ, ಕೆಂಪು, ವೈಡೂರ್ಯಗಳನ್ನು ಆರಿಸುವುದು ಅಲ್ಲಿನ ಪರಂಪರಾಗತ ಕಸುಬು. ರತ್ನ ಸಿಕ್ಕ ಮೇಲೆ ಬುಟ್ಟಿಯ ತಳದಲ್ಲಿ ಉಳಿಯುವ ಭಾರವಾದ ಕಪ್ಪು ಹರಳುಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಖನಿಜ ಸಮೀಕ್ಷೆಯ ಕಣ್ಣು ಬಿದ್ದದ್ದು ಈ ಕಸದ ಮೇಲೆ.

1904ರಲ್ಲಿ ಸಬರಗಮುವ ಪ್ರಾಂತದ ಬಲಂಗೊಡ ಪ್ರದೇಶದ ಜಲ್ಲಿಯಲ್ಲಿ ದೊರೆತ ಚಿಕ್ಕ ಚಿಕ್ಕ ಘನಾಕೃತಿಯ ಕಪ್ಪು ಹರಳುಗಳು ಕುಮಾರಸ್ವಾಮಿಯವರ ಗಮನ ಸೆಳೆದವು. ಮೊದಲು ಅವು ಯುರೇನಿಯಂ ಅದಿರಿನಂತೆ ತೋರಿದವು. ಲಂಡನ್ನಿನ ಇಂಪೀರಿಯಲ್ ಇನ್‌ಸ್ಟಿಟ್ಯೂಟಿನಲ್ಲಿ ವಿಂಡ್ಹಮ್ ಡನ್‌ಸ್ಟನ್ ಅವರು ವಿಶ್ಲೇಷಿಸಿದಾಗ, ಅದರ ಪ್ರಧಾನಾಂಶ ಥೋರಿಯಂ ಆಕ್ಸೈಡ್ ಎಂಬುದು ಖಚಿತವಾಯಿತು. ಹೊಸ ಖನಿಜಕ್ಕೆ ಥೋರಿಯನೈಟ್ ಎಂದು ಹೆಸರಾಯಿತು.

ಈ ಶೋಧನೆಯ ಮಹತ್ವವನ್ನು ತಿಳಿಯಲು ಆ ಕಾಲವನ್ನು ನೆನೆಯಬೇಕು. ಯುರೋಪಿನ ನಗರಗಳ ಬೀದಿ ಮತ್ತು ಮನೆಗಳು ಗ್ಯಾಸ್ ದೀಪಗಳಿಂದ ಬೆಳಗುತ್ತಿದ್ದವು. ಆ ದೀಪಗಳ ಮ್ಯಾಂಟಲ್ ತಯಾರಾಗುತ್ತಿದ್ದುದು ಥೋರಿಯಂ ಆಕ್ಸೈಡಿನಿಂದ, ಅದಕ್ಕೆ ಅಲ್ಪ ಪ್ರಮಾಣದ ಸೀರಿಯಂ ಬೆರೆಸಿ. ತಿರುವಾಂಕೂರಿನ ಕಡಲತೀರದ ಮೊನಜೈಟ್ ಮರಳು ಬೆಳಕಿಗೆ ಬಂದದ್ದು 1909ರಲ್ಲಿ. ಅದಕ್ಕಿನ್ನೂ ಐದು ವರ್ಷವಿತ್ತು. ಹಾಗಾಗಿ ಥೋರಿಯನೈಟಿಗೆ ಮಾರುಕಟ್ಟೆ ಕಾದಿತ್ತು.

ವಿಜ್ಞಾನಿಗಳಿಗೆ ಅದರ ಬೆಲೆ ಇನ್ನೂ ಹೆಚ್ಚು. ವಿಕಿರಣಶೀಲತೆಯ ಅಧ್ಯಯನಕ್ಕೆ ಅದು ಆರಂಭದ ಕಾಲ. ಥೋರಿಯಂ ಮತ್ತು ಯುರೇನಿಯಂ ಪರಮಾಣುಗಳು ಕ್ಷಯಿಸುವಾಗ ಹೊಮ್ಮುವ ಆಲ್ಫಾ ಕಣಗಳು ಹೀಲಿಯಂ ಅನಿಲವಾಗಿ ಹರಳಿನೊಳಗೇ ಸೆರೆಯಾಗಿರುತ್ತವೆ. ಥೋರಿಯನೈಟನ್ನು ಕಾಯಿಸಿದರೆ ಆ ಹೀಲಿಯಂ ಹೊರಬರುತ್ತಿತ್ತು. ಕುಮಾರಸ್ವಾಮಿ ಓದಿದ ಯೂನಿವರ್ಸಿಟಿ ಕಾಲೇಜಿನಲ್ಲೇ ಪ್ರಾಧ್ಯಾಪಕರಾಗಿದ್ದ ವಿಲಿಯಂ ರ‍್ಯಾಮ್ಸೆಯವರು ಸಿಲೋನಿನ ಈ ಅದಿರನ್ನು ತರಿಸಿಕೊಂಡರು. ಅದರಿಂದ ಪಡೆದ ಬೇರಿಯಂ ಲವಣವೊಂದನ್ನು ಜರ್ಮನಿಯಿಂದ ಬಂದಿದ್ದ ಒಟ್ಟೊ ಹಾನ್ ಎಂಬ ತರುಣನ ಕೈಗಿತ್ತರು. 1905ರಲ್ಲಿ ಹಾನ್ ಅದರಲ್ಲಿ ರೇಡಿಯೊಥೋರಿಯಂ ಎಂಬ ಹೊಸ ವಿಕಿರಣಶೀಲ ವಸ್ತುವನ್ನು ಕಂಡುಹಿಡಿದರು. 1938ರಲ್ಲಿ ಪರಮಾಣು ವಿದಳನವನ್ನು ಕಂಡುಹಿಡಿದು ನೊಬೆಲ್ ಪಾರಿತೋಷಕ ಪಡೆದವರು ಇದೇ ಹಾನ್. ಅವರ ಸಂಶೋಧನಾ ಜೀವನದ ಮೊದಲ ಮೆಟ್ಟಿಲು ಸಿಲೋನಿನ ರತ್ನಗಣಿಯ ಕಪ್ಪು ಹರಳು.

ಇನ್ನೊಂದು ಖನಿಜ ಸೆರೆಂಡಿಬೈಟ್. ಸಿಲೋನಿನ ಗಂಗಪಿಟಿಯ ಎಂಬಲ್ಲಿ ದೊರೆತ ಈ ನೀಲಿ ಛಾಯೆಯ ಖನಿಜವನ್ನು ಕುಮಾರಸ್ವಾಮಿಯವರು ಬ್ರಿಟಿಷ್ ಮ್ಯೂಸಿಯಂನ ಖನಿಜತಜ್ಞ ಪ್ರಯರ್ ಅವರೊಡನೆ ಸೇರಿ 1903ರಲ್ಲಿ ವಿವರಿಸಿದರು. ಅರಬ್ಬೀ ನಾವಿಕರು ದ್ವೀಪಕ್ಕೆ ಇಟ್ಟಿದ್ದ ಸೆರೆಂದಿಬ್ ಎಂಬ ಹಳೆಯ ಹೆಸರೇ ಅದಕ್ಕೆ ಮೂಲ. ಇಂದು ಅದು ಜಗತ್ತಿನ ಅತಿ ವಿರಳ ರತ್ನಗಳಲ್ಲೊಂದು.

ಕಬ್ಬಿಣದ ಕುಲುಮೆಯ ಮುಂದೆ

ಖನಿಜಗಳನ್ನು ಹುಡುಕುವವನು ಊರೂರು ಅಲೆಯಲೇಬೇಕು. ಕುಮಾರಸ್ವಾಮಿಯವರು ಪತ್ನಿ ಎಥೆಲ್ ಮೇರಿ ಪಾರ್ಟ್‌ರಿಜ್ ಅವರೊಡನೆ ದ್ವೀಪದ ಒಳನಾಡನ್ನು ಸುತ್ತಿದರು. ದಾರಿಯಲ್ಲಿ ಕಂಡ ಅಕ್ಕಸಾಲಿಗರು, ಕಮ್ಮಾರರು, ಕುಂಬಾರರು, ದಂತದ ಕೆತ್ತನೆಗಾರರು, ಚಾಪೆ ಹೆಣೆಯುವವರು ಅವರ ಟಿಪ್ಪಣಿಯಲ್ಲಿ ಸೇರಿಕೊಳ್ಳತೊಡಗಿದರು. ಎಥೆಲ್ ಅವರ ಕ್ಯಾಮೆರಾ ಈ ಕುಶಲಕರ್ಮಿಗಳನ್ನು ಸೆರೆಹಿಡಿಯಿತು.

ಬಲಂಗೊಡ ಸೀಮೆಯ ಹಳ್ಳಿಗಳಲ್ಲಿ ಕಬ್ಬಿಣ ಕರಗಿಸುವ, ಉಕ್ಕು ಮಾಡುವ ಪಾರಂಪರಿಕ ಕಸುಬು ಕೊನೆಯುಸಿರೆಳೆಯುತ್ತಿತ್ತು. ಅಗ್ಗದ ಯುರೋಪಿನ ಕಬ್ಬಿಣ ಬಂದ ಮೇಲೆ ಅದನ್ನು ಕೇಳುವವರಿರಲಿಲ್ಲ. ಕುಮಾರಸ್ವಾಮಿಯವರು ಬದುಕುಳಿದಿದ್ದ ಕೆಲವೇ ಹಿರಿಯರಿಂದ ಕುಲುಮೆ ಹೂಡಿಸಿ, ಅದಿರು, ಇದ್ದಿಲು, ತಿದಿಗಳ ವಿವರವನ್ನು ಸರಕಾರಿ ವರದಿಯಲ್ಲಿ ದಾಖಲಿಸಿದರು. ಕನ್ನಡಿಗರಿಗೆ ಈ ಕಥೆ ಅಪರಿಚಿತವಲ್ಲ. ಮೂಸೆಯಲ್ಲಿ ಉಕ್ಕು ತಯಾರಿಸುವ ಕಲೆ ಮೈಸೂರು ಸೀಮೆಯಲ್ಲೂ ಪ್ರಸಿದ್ಧವಾಗಿತ್ತು. ಯುರೋಪಿಯನ್ನರು ಬಳಸಿದ ವೂಟ್ಜ್ ಎಂಬ ಹೆಸರು ಕನ್ನಡದ ಉಕ್ಕು ಎಂಬ ಪದದಿಂದಲೇ ಬಂದುದೆಂಬುದು ವಿದ್ವಾಂಸರ ಅಭಿಮತ. ಆ ಕಸುಬೂ ಇದೇ ಕಾರಣಕ್ಕೆ ಕಣ್ಮರೆಯಾಯಿತು.

ಖನಿಜವಿಜ್ಞಾನಿಯ ಮನಸ್ಸು ಹೊರಳಿದ್ದು ಇಲ್ಲಿ. ಭೂಮಿಯ ಒಡಲಲ್ಲಿರುವ ಅದಿರು ಇನ್ನೂ ಸಾವಿರ ವರ್ಷ ಅಲ್ಲಿಯೇ ಇದ್ದೀತು. ಅದನ್ನು ಉಕ್ಕಾಗಿಸುವ ಕೈಗಳ ಅರಿವು ಒಂದು ತಲೆಮಾರಿನಲ್ಲಿ ಅಳಿದರೆ ಮತ್ತೆ ಸಿಗದು. ಯಾವುದನ್ನು ಮೊದಲು ಉಳಿಸಬೇಕೆಂಬ ಪ್ರಶ್ನೆಗೆ ಅವರು ತಮ್ಮ ಜೀವನದಿಂದಲೇ ಉತ್ತರಿಸಿದರು. 1905ರಲ್ಲಿ ಕ್ಯಾಂಡಿಯ ಮುಖಂಡರಿಗೆ ಬಹಿರಂಗ ಪತ್ರ ಬರೆದು, ಪ್ರಾಚೀನ ಕಟ್ಟಡಗಳನ್ನೂ ಕುಶಲಕರ್ಮಿಗಳನ್ನೂ ಕಾಪಾಡಬೇಕೆಂದು ಬೇಡಿಕೊಂಡರು. ಸಿಲೋನ್ ಸಮಾಜ ಸುಧಾರಣಾ ಸಂಘವನ್ನು ಕಟ್ಟಿ, ಪಾಶ್ಚಾತ್ಯರ ಕುರುಡು ಅನುಕರಣೆಯ ವಿರುದ್ಧ, ಮಾತೃಭಾಷೆಯ ಶಿಕ್ಷಣದ ಪರವಾಗಿ ದನಿಯೆತ್ತಿದರು. ಬ್ರಿಟಿಷ್ ಆಡಳಿತದ ಅಧಿಕಾರಿಯೇ ಆ ಆಡಳಿತದ ಶಿಕ್ಷಣನೀತಿಯನ್ನು ಟೀಕಿಸತೊಡಗಿದ್ದರು. 1906ರೊಂದಿಗೆ ಹುದ್ದೆಯ ಅಧ್ಯಾಯ ಮುಗಿಯಿತು.

ಪುಸ್ತಕವೂ ಒಂದು ಕರಕುಶಲ

ಇಂಗ್ಲೆಂಡಿಗೆ ಮರಳಿದ ಕುಮಾರಸ್ವಾಮಿಯವರು ಬ್ರಾಡ್ ಕ್ಯಾಂಪ್‌ಡನ್ ಎಂಬ ಹಳ್ಳಿಯಲ್ಲಿ ನೆಲೆಸಿದರು. ತಮ್ಮ ಟಿಪ್ಪಣಿಗಳನ್ನು ಮಧ್ಯಯುಗದ ಸಿಂಹಳ ಕಲೆಯನ್ನು ಕುರಿತ ಬೃಹದ್ಗ್ರಂಥವಾಗಿಸಿದರು. ಅದು ಮುದ್ರಣವಾದದ್ದು ಕರಕುಶಲ ಚಳವಳಿಯ ನೇತಾರ ವಿಲಿಯಂ ಮಾರಿಸ್ ಬಳಸಿದ್ದ ಕೈಮುದ್ರಣ ಯಂತ್ರದಲ್ಲಿ. 1907ರಲ್ಲಿ ಆರಂಭವಾದ ಮುದ್ರಣಕಾರ್ಯ ಮುಗಿದದ್ದು 1908ರ ಕೊನೆಗೆ. ಪ್ರತಿಗಳ ಸಂಖ್ಯೆ ಕೇವಲ 425.

ಆ ಗ್ರಂಥದ ಪುಟಗಳಲ್ಲಿ ಹಳೆಯ ಭೂವಿಜ್ಞಾನಿ ಎದ್ದು ಕಾಣುತ್ತಾರೆ. ಶಿಲೆಯನ್ನು ವರ್ಗೀಕರಿಸುವ ಶ್ರದ್ಧೆಯಿಂದಲೇ ಅವರು ಬಳ್ಳಿಯ ವಿನ್ಯಾಸಗಳನ್ನೂ, ಲೋಹದ ಎರಕಗಳನ್ನೂ, ಬಣ್ಣದ ಲೇಪಗಳನ್ನೂ ವರ್ಗೀಕರಿಸಿದರು. ಯಾವ ವಸ್ತು, ಯಾವ ಉಪಕರಣ, ಯಾವ ಕ್ರಮ ಎಂಬ ವಿವರ ಮೊದಲು. ಸೌಂದರ್ಯದ ಮಾತು ಆಮೇಲೆ.

ಎಥೆಲ್ ಅವರೊಡನೆಯ ದಾಂಪತ್ಯ ಮುಂದೆ ಮುರಿದುಬಿತ್ತು. ಆದರೆ ಸಿಲೋನಿನಲ್ಲಿ ಕಂಡ ಕೈಕಸುಬುಗಳು ಆಕೆಯನ್ನೂ ಬಿಡಲಿಲ್ಲ. ಎಥೆಲ್ ಮೈರೆ ಎಂಬ ಹೆಸರಿನಿಂದ ಆಕೆ ಇಂಗ್ಲೆಂಡಿನ ಅಗ್ರಗಣ್ಯ ಕೈಮಗ್ಗ ಕಲಾವಿದೆಯಾದರು.

ಭಾರತ ಕೈಬಿಟ್ಟ ಸಂಗ್ರಹ

1909ರ ನಂತರ ಕುಮಾರಸ್ವಾಮಿಯವರ ಗಮನ ಪೂರ್ತಿಯಾಗಿ ಭಾರತದತ್ತ ತಿರುಗಿತು. ಕಲ್ಕತ್ತೆಯ ಠಾಕೂರ್ ಬಳಗದ ಸ್ನೇಹ ದೊರೆಯಿತು. ಸೋದರಿ ನಿವೇದಿತಾ 1911ರಲ್ಲಿ ನಿಧನರಾದಾಗ, ಹಿಂದೂ ಮತ್ತು ಬೌದ್ಧ ಪುರಾಣಕಥೆಗಳನ್ನು ಕುರಿತ ಅವರ ಅಪೂರ್ಣ ಕೃತಿಯನ್ನು ಪೂರ್ಣಗೊಳಿಸಿದರು. ಉತ್ತರ ಭಾರತವನ್ನು ಸುತ್ತಿ ರಾಜಸ್ಥಾನದ ಹಾಗೂ ಪಂಜಾಬಿನ ಗುಡ್ಡಗಾಡು ಸಂಸ್ಥಾನಗಳ ಚಿತ್ರಗಳನ್ನು ಸಂಗ್ರಹಿಸಿದರು. ಅಲ್ಲಿಯವರೆಗೆ ಇಂಥ ಚಿತ್ರಗಳೆಲ್ಲ ಮೊಗಲ್ ಕಲೆಯೆಂಬ ಒಂದೇ ಹೆಸರಿನಡಿ ಸೇರಿಹೋಗುತ್ತಿದ್ದವು. ರಜಪೂತ ಚಿತ್ರಗಳ ವಸ್ತು, ರೇಖೆ, ಭಾವ ಬೇರೆಯೆಂದು ತೋರಿಸಿ, ರಾಜಸ್ಥಾನಿ ಮತ್ತು ಪಹಾಡಿ ಎಂದು ವಿಂಗಡಿಸಿ 1916ರಲ್ಲಿ ಎರಡು ಸಂಪುಟಗಳ ಗ್ರಂಥ ಪ್ರಕಟಿಸಿದರು.

ಈ ಅಮೂಲ್ಯ ಸಂಗ್ರಹ ಭಾರತದಲ್ಲೇ ಉಳಿಯಬೇಕೆಂಬುದು ಅವರ ಹಂಬಲ. ಕಾಶಿಯಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸ್ಥಾಪನೆಯಾಗುವುದಾದರೆ ಎಲ್ಲವನ್ನೂ ಅದಕ್ಕೆ ಕೊಡುವುದಾಗಿ ಮುಂದೆ ಬಂದರು. ಆದರೆ ಹಣ ಕೂಡಲಿಲ್ಲ, ಯೋಜನೆ ಕೈಗೂಡಲಿಲ್ಲ. ಅಷ್ಟರಲ್ಲಿ ಮೊದಲ ಮಹಾಯುದ್ಧ ಆರಂಭವಾಗಿತ್ತು. ಪರತಂತ್ರ ಭಾರತದ ಜನ ಸಾಮ್ರಾಜ್ಯದ ಪರವಾಗಿ ಹೋರಾಡುವುದು ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಬ್ರಿಟನ್ನಿನಲ್ಲಿ ನೆಲೆ ಕಷ್ಟವಾಯಿತು.

1917ರಲ್ಲಿ ಅಮೆರಿಕದ ಬಾಸ್ಟನ್ ಲಲಿತಕಲಾ ವಸ್ತುಸಂಗ್ರಹಾಲಯ ಅವರನ್ನು ಬರಮಾಡಿಕೊಂಡಿತು. ಕಲಾಪೋಷಕ ಡೆನ್ಮನ್ ರಾಸ್ ಅವರ ನೆರವಿನಿಂದ ಸಂಗ್ರಹವೂ ಅಲ್ಲಿಗೇ ಸೇರಿತು. ಹೀಗೆ ಭಾರತಕ್ಕೆ ದಕ್ಕಬೇಕಾಗಿದ್ದ ಚಿತ್ರಗಳು ಸಾಗರದಾಚೆ ನೆಲೆಗೊಂಡವು. ಅವು ಅಲ್ಲಿ ಸುರಕ್ಷಿತವಾಗಿ ಉಳಿದವೆಂಬುದು ಸಮಾಧಾನ. ಕೊಡಲು ಬಂದವರಿಂದ ಪಡೆಯುವ ಶಕ್ತಿ ನಮಗಿರಲಿಲ್ಲವೆಂಬುದು ವಿಷಾದ.

ಬಾಸ್ಟನ್ನಿನ ಮೂರು ದಶಕಗಳು

ಮುಂದಿನ 30 ವರ್ಷ ಕುಮಾರಸ್ವಾಮಿಯವರು ಅದೇ ಸಂಸ್ಥೆಯಲ್ಲಿ ಕಳೆದರು. 1918ರಲ್ಲಿ ಶಿವತಾಂಡವದ ಪ್ರಬಂಧವನ್ನೊಳಗೊಂಡ ಸಂಕಲನ ಹೊರಬಂತು. 1927ರಲ್ಲಿ ಭಾರತ ಮತ್ತು ಇಂಡೊನೇಷ್ಯಾ ಕಲೆಯ ಇತಿಹಾಸ ಪ್ರಕಟವಾಯಿತು. ಬಾದಾಮಿ, ಪಟ್ಟದಕಲ್ಲುಗಳ ಚಾಲುಕ್ಯ ಶಿಲ್ಪ ಮತ್ತು ಹೊಯ್ಸಳರ ದೇಗುಲಗಳು ಜಾಗತಿಕ ಓದುಗರಿಗೆ ಪರಿಚಯವಾಗುವಲ್ಲಿ ಈ ಗ್ರಂಥದ ಪಾಲಿದೆ. ಅದೇ ವರ್ಷ ಬುದ್ಧಪ್ರತಿಮೆಯ ಉಗಮವನ್ನು ಕುರಿತು ದೀರ್ಘ ಪ್ರಬಂಧ ಬರೆದರು. ಬುದ್ಧನ ವಿಗ್ರಹ ಗ್ರೀಕರ ಪ್ರಭಾವದಿಂದ ಗಾಂಧಾರದಲ್ಲಿ ಹುಟ್ಟಿತೆಂಬುದು ಯುರೋಪಿಯನ್ ವಿದ್ವಾಂಸರ ಪ್ರಬಲ ನಂಬಿಕೆಯಾಗಿತ್ತು. ಮಥುರೆಯ ಯಕ್ಷವಿಗ್ರಹಗಳ ಪರಂಪರೆಯನ್ನು ಮುಂದಿಟ್ಟು, ಪ್ರತಿಮೆಯ ಬೇರು ಭಾರತದ ಮಣ್ಣಿನಲ್ಲೇ ಇದೆಯೆಂದು ಅವರು ವಾದಿಸಿದರು. ಪದರಗಳ ಮೇಲಿನ ಪದರವನ್ನು ಬಿಡಿಸುವ ಭೂವಿಜ್ಞಾನಿಯ ಕ್ರಮವೇ ಅಲ್ಲಿಯೂ ಕೆಲಸಮಾಡಿದೆ.

1930ರ ದಶಕದಲ್ಲಿ ಅವರು ಇನ್ನೂ ಆಳಕ್ಕಿಳಿದರು. ವೇದ, ಉಪನಿಷತ್ತು, ಪ್ಲೇಟೊ, ಕ್ರೈಸ್ತ ಅನುಭಾವಿಗಳು, ಸೂಫಿಗಳು ಎಲ್ಲವನ್ನೂ ಮೂಲಭಾಷೆಗಳಲ್ಲಿ ಓದಿ, ಎಲ್ಲ ಪರಂಪರೆಗಳ ತಳದಲ್ಲಿ ಒಂದೇ ತತ್ತ್ವವಿದೆಯೆಂಬ ನಿಲುವಿಗೆ ಬಂದರು. ಅಡಿಟಿಪ್ಪಣಿಗಳಿಂದ ತುಂಬಿದ ಈ ಬರಹಗಳು ಸುಲಭಗ್ರಾಹ್ಯವಲ್ಲ.

ಬಹುಮುಖ ಆಸಕ್ತಿಗಳು

ವಿದ್ವತ್ತಿನಾಚೆಗೂ ಅವರ ಅಭಿರುಚಿಗಳು ವಿಸ್ತಾರವಾಗಿದ್ದವು. ಸಂಗೀತ ಅವುಗಳಲ್ಲೊಂದು. ಎರಡನೆಯ ಪತ್ನಿ, ರತನ್ ದೇವಿ ಎಂಬ ಹೆಸರಿನಿಂದ ಭಾರತೀಯ ಗೀತೆಗಳನ್ನು ಹಾಡುತ್ತಿದ್ದ ಇಂಗ್ಲಿಷ್ ಗಾಯಕಿ. ಆಕೆ ಸಂಗ್ರಹಿಸಿದ ಪಂಜಾಬ್ ಮತ್ತು ಕಾಶ್ಮೀರದ 30 ಹಾಡುಗಳ ಪುಸ್ತಕ 1913ರಲ್ಲಿ ಕುಮಾರಸ್ವಾಮಿಯವರ ಅನುವಾದಗಳೊಡನೆ ಪ್ರಕಟವಾಯಿತು. ನೃತ್ಯದಲ್ಲೂ ಅಷ್ಟೇ ಆಸಕ್ತಿ. ಆಂಧ್ರದ ದುಗ್ಗಿರಾಲ ಗೋಪಾಲಕೃಷ್ಣಯ್ಯನವರೊಡನೆ ನಂದಿಕೇಶ್ವರನ ಅಭಿನಯದರ್ಪಣವನ್ನು 1917ರಲ್ಲಿ ಇಂಗ್ಲಿಷಿಗೆ ತಂದರು. ಭರತನಾಟ್ಯ ಇನ್ನೂ ಶಿಷ್ಟ ವೇದಿಕೆಯನ್ನು ಏರಿರದ ಕಾಲವದು.

ಛಾಯಾಗ್ರಹಣವೂ ಅವರ ನೆಚ್ಚಿನ ಹವ್ಯಾಸ. ಅದು ಕಲೆಯೇ ಅಲ್ಲವೇ ಎಂಬ ಚರ್ಚೆ ಬಿಸಿಯಾಗಿದ್ದಾಗ, ಅಮೆರಿಕದ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಅವರ 27 ಛಾಯಾಚಿತ್ರಗಳನ್ನು 1924ರಲ್ಲಿ ಬಾಸ್ಟನ್ ಸಂಗ್ರಹಾಲಯಕ್ಕೆ ಸೇರಿಸಲು ಕಾರಣರಾದರು. ಯಂತ್ರನಾಗರಿಕತೆಯ ಕಟು ಟೀಕಾಕಾರರೇ ಕ್ಯಾಮೆರಾದ ಚಿತ್ರಕ್ಕೆ ಕಲಾಮಂದಿರದ ಬಾಗಿಲು ತೆರೆದದ್ದು ಸ್ವಾರಸ್ಯಕರ. ವಿದ್ಯಾರ್ಥಿದೆಸೆಯ ಸಸ್ಯವಿಜ್ಞಾನ ತೋಟಗಾರಿಕೆಯ ರೂಪದಲ್ಲಿ ಕೊನೆಯವರೆಗೂ ಜೊತೆಗಿತ್ತು.

ಮೆಚ್ಚುಗೆಯ ಜೊತೆಗೆ ಆಕ್ಷೇಪಗಳೂ ಇವೆ. ಪ್ರಾಚೀನ ಸಮಾಜವನ್ನು ಅವರು ಅತಿಯಾಗಿ ಆದರ್ಶೀಕರಿಸಿದರು. ಜಾತಿವ್ಯವಸ್ಥೆಯ ನೋವನ್ನೂ ಸ್ತ್ರೀಯರ ಪಾಡನ್ನೂ ತತ್ತ್ವದ ತೆರೆಯ ಹಿಂದೆ ಸರಿಸಿದರು ಎಂಬ ಟೀಕೆ ಬಲವಾಗಿದೆ, ನ್ಯಾಯವೂ ಆಗಿದೆ. ಕುಶಲಕರ್ಮಿಯ ಕೈಯನ್ನು ಅಷ್ಟು ಗೌರವದಿಂದ ಕಂಡವರು, ಆತನನ್ನು ಕೆಳಗಿಟ್ಟ ಸಮಾಜವನ್ನು ಅಷ್ಟೇ ನಿಷ್ಠುರವಾಗಿ ಪರೀಕ್ಷಿಸಲಿಲ್ಲ.

ಕೊನೆಯ ಕನಸು

1947ರ ಆಗಸ್ಟ್ 15ರಂದು ಭಾರತ ಸ್ವತಂತ್ರವಾಯಿತು. ಒಂದು ವಾರದ ಬಳಿಕ ಕುಮಾರಸ್ವಾಮಿಯವರಿಗೆ 70 ತುಂಬಿತು. ಬಾಸ್ಟನ್ನಿನಲ್ಲಿ ಗೆಳೆಯರು ಏರ್ಪಡಿಸಿದ ಸಂತೋಷಕೂಟದಲ್ಲಿ, ನಿವೃತ್ತರಾಗಿ ಭಾರತಕ್ಕೆ ಮರಳಿ ಹಿಮಾಲಯದ ತಪ್ಪಲಲ್ಲಿ ನೆಲೆಸುವ ಸಂಕಲ್ಪವನ್ನು ಪ್ರಕಟಿಸಿದರು. ಅದು ಈಡೇರಲಿಲ್ಲ. ಸೆಪ್ಟೆಂಬರ್ 9ರಂದು ಮ್ಯಾಸಚೂಸೆಟ್ಸಿನ ನೀಡಂನ ಮನೆಯಲ್ಲಿ ಅವರ ಬಾಳು ಮುಗಿಯಿತು.

ಖನಿಜವಿಜ್ಞಾನದ ಗ್ರಂಥಗಳಲ್ಲಿ ಥೋರಿಯನೈಟ್ ಇದೆ, ಸೆರೆಂಡಿಬೈಟ್ ಇದೆ. ಕಲೆಯ ಗ್ರಂಥಗಳಲ್ಲಿ ನಟರಾಜನಿದ್ದಾನೆ. ಇವೆರಡರ ನಡುವೆ, ಬಲಂಗೊಡದ ಕುಲುಮೆಯ ಮುಂದೆ ತಿದಿಯೊತ್ತುತ್ತಿದ್ದ ಹೆಸರಿಲ್ಲದ ಮುದಿ ಕಮ್ಮಾರರು ನಿಂತಿದ್ದಾರೆ. ಅವರ ವಿದ್ಯೆಯನ್ನು ಒಬ್ಬ ವಿಜ್ಞಾನಿ ಸಕಾಲದಲ್ಲಿ ಬರೆದಿಟ್ಟದ್ದರಿಂದ ಇಂದು ನಮಗೆ ಅದರ ಅರಿವು ಉಳಿದಿದೆ. ನಮ್ಮ ಊರುಗಳಲ್ಲಿ ಇಂದಿಗೂ ಉಸಿರಾಡುತ್ತಿರುವ ಎಷ್ಟೋ ಕಸುಬುಗಳು ಅಂಥದೊಂದು ಲೇಖನಿಗಾಗಿ ಕಾದಿವೆ.